ಕಲ್ಕತ್ತೆಯ ಕೊಳೆ ತೊಳೆಯುವ ಕೆರೆಗಳು

ಕಲ್ಕತ್ತೆಗೆ ಹೋದವರೆಲ್ಲ ಹೌರಾ ಸೇತುವೆ ನೋಡುತ್ತಾರೆ. ವಿಕ್ಟೋರಿಯಾ ಸ್ಮಾರಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ದಕ್ಷಿಣೇಶ್ವರಕ್ಕೂ ಬೇಲೂರು ಮಠಕ್ಕೂ ಹೋಗಿ ಕೈಮುಗಿದು, ರಸಗುಲ್ಲದ ಡಬ್ಬ ಹಿಡಿದು ರೈಲು ಹತ್ತುತ್ತಾರೆ. ಊರಿನ ಹೆಸರು 2001ರಲ್ಲಿ ಕೋಲ್ಕತ್ತ ಎಂದಾಯಿತಾದರೂ ನಮ್ಮ ಮನೆಯ ಹಿರಿಯರ ಬಾಯಲ್ಲಿ ಅದು ಇನ್ನೂ ಕಲ್ಕತ್ತೆಯೇ. ಆ ಮಹಾನಗರದ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಹೋದವರು ಮಾತ್ರ ಬಹಳ ಇರಲಾರರು. ಹೋದ ಡಿಸೆಂಬರಿನಲ್ಲಿ ನಾವು ಅದನ್ನೇ ನೋಡಿ ಬಂದೆವು.

ಹೊರಡುವಾಗ ಅಂಥ ಉದ್ದೇಶವೇನೂ ಇರಲಿಲ್ಲ. ತಂಗಿಯ ಗಂಡನಿಗೆ ಅಲ್ಲಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಊರಿನ ಪೂರ್ವಕ್ಕಿರುವ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಬಾಡಿಗೆ ಮನೆ. ಅವರ ಒತ್ತಾಯಕ್ಕೆ ಮಣಿದು, ಮಗಳ ಶಾಲೆಗೆ ರಜೆ ಬಿಟ್ಟೊಡನೆ ರೈಲು ಹತ್ತಿದೆವು. ಒಂಬತ್ತನೇ ತರಗತಿಯ ಅವಳ ಚೀಲದಲ್ಲಿ ರಜೆಯ ಕೆಲಸವೊಂದಿತ್ತು: 'ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ? ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ನಕ್ಷೆಯೊಂದಿಗೆ ವಿವರಿಸಿ.'

ಮೊದಲ ಪ್ರಶ್ನೆಗೆ ಉತ್ತರ ಸುಲಭ. ತೊರೆಕಾಡನಹಳ್ಳಿಯಿಂದ ಪಂಪು ಮಾಡಿ, ಸುಮಾರು 100 ಕಿಲೊಮೀಟರ್ ದೂರದಿಂದ ಬೆಂಗಳೂರಿಗೆ ತರುವ ಕಾವೇರಿ ನೀರು. ಎರಡನೆಯದರಲ್ಲಿ ನಾನು ರೈಲಿನಲ್ಲೇ ಸೋತೆ.

"ಚರಂಡಿಗೆ ಹೋಗುತ್ತಮ್ಮ."

"ಚರಂಡಿಯಿಂದ?"

"ದೊಡ್ಡ ಮೋರಿಗೆ."

"ಮೋರಿಯಿಂದ?"

ವಿಜಯವಾಡ ಬರುವ ಹೊತ್ತಿಗೆ ನಾನು ನಿದ್ದೆ ಬಂದವನಂತೆ ಮೇಲಿನ ಬರ್ತ್ ಹತ್ತಿದ್ದೆ.

ತಂಗಿಯ ಮನೆಯಲ್ಲಿ ಊಟಕ್ಕೆ ಕೂತಾಗ ಮಗಳು ಅದೇ ಪ್ರಶ್ನೆಯನ್ನು ಮಾವನ ಮುಂದಿಟ್ಟಳು. ಅವರು ಹೂಕೋಸಿನ ಪಲ್ಯ ಬಡಿಸಿಕೊಳ್ಳುತ್ತ ನಕ್ಕರು. "ಬೆಂಗಳೂರಿನದು ನನಗೂ ಗೊತ್ತಿಲ್ಲ ಪುಟ್ಟಿ. ಈ ಊರಿನದು ಬೇಕಾದರೆ ತೋರಿಸ್ತೀನಿ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು, ಆಗುತ್ತಾ?"

ಆಗುತ್ತದೆ ಎಂದಳು. ಶಾಲೆಗೆ ಏಳೂವರೆಗೂ ಏಳದ ಹುಡುಗಿ!

ಕೊಡದಲ್ಲಿ ಜೀವ

ಡಿಸೆಂಬರಿನ ಮಂಜು ಬಿದ್ದಿತ್ತು. ಬೈಪಾಸ್ ರಸ್ತೆಯ ಚಿಂಗ್ರಿಘಾಟದ ಬಳಿ ಕಾರಿನಿಂದ ಇಳಿದಾಗ ಮೊದಲು ಕಿವಿಗೆ ಬಿದ್ದದ್ದು ಒಂದು ಸದ್ದು. ಪಟ್, ಪಟ್, ಪಟ್ ಎಂದು ನೂರಾರು ಅಂಗೈಗಳು ನೀರಿಗೆ ಬಡಿಯುವ ಸದ್ದು. ಹತ್ತಿರ ಹೋದರೆ ಸಾಲುಸಾಲಾಗಿ ಅಲ್ಯೂಮಿನಿಯಂ ಹಂಡೆಗಳು, ಪ್ರತಿಯೊಂದರ ಪಕ್ಕ ಕುಕ್ಕರುಗಾಲಲ್ಲಿ ಕೂತ ಒಬ್ಬ ಮನುಷ್ಯ. ಹಂಡೆಯೊಳಗೆ ಜೀವಂತ ಮೀನು. ನೀರನ್ನು ಹೀಗೆ ಬಡಿಯುತ್ತಲೇ ಇದ್ದರೆ ಗಾಳಿ ಬೆರೆತು ಮೀನಿಗೆ ಉಸಿರಾಟಕ್ಕೆ ಸಿಗುತ್ತದೆ. ಕೈ ನಿಂತರೆ ಮೀನು ಸಾಯುತ್ತದೆ, ಬೆಲೆ ಇಳಿಯುತ್ತದೆ. ಬಂಗಾಳಿ ಗೃಹಿಣಿಗೆ ಒದ್ದಾಡುವ ಮೀನೇ ಆಗಬೇಕಂತೆ.

ಹರಾಜು ಕೂಗುವವರ ಗಂಟಲು, ತಕ್ಕಡಿಯ ಸದ್ದು, ಸೈಕಲ್ಲಿನ ಗಂಟೆ ಎಲ್ಲ ಸೇರಿ ಜಾತ್ರೆಯಂತಿತ್ತು. ರೋಹು, ಕಾಟ್ಲಾ, ಮೃಗಾಲ್, ತಿಲಾಪಿಯಾ. ಮೀನು ತಿನ್ನದ ನಮ್ಮ ಮನೆಯವಳು ಸೆರಗಿನಿಂದ ಮೂಗು ಮುಚ್ಚಿ ದೂರ ನಿಂತಳು. ಬಿಸಿಲೇರುವ ಹೊತ್ತಿಗೆ ಹಂಡೆಗಳೆಲ್ಲ ಊರೊಳಗಿನ ಮಾರುಕಟ್ಟೆಗಳಿಗೆ ಹೊರಟುಹೋದವು.

"ಪುಟ್ಟಿ, ಕಲ್ಕತ್ತೆಯ ಬಚ್ಚಲ ನೀರು ಇದೇ" ಎಂದರು ಮಾವ. ಅವಳಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ.

ನದಿಗೆ ಬೆನ್ನು ಮಾಡಿದ ಊರು

ಸೈನ್ಸ್ ಸಿಟಿಯ ಹತ್ತಿರದಿಂದ ಪೂರ್ವಕ್ಕೆ ಹೊರಡುವ ಬಸಂತಿ ಹೆದ್ದಾರಿಯಲ್ಲಿ ಸಾಗಿದೆವು. ರಸ್ತೆಯ ಬದಿಗೇ ಕಪ್ಪು ನೀರಿನ ಕಾಲುವೆ. ಕೆಲವೇ ನಿಮಿಷಗಳಲ್ಲಿ ಬಹುಮಹಡಿ ಕಟ್ಟಡಗಳು ಹಿಂದಕ್ಕೆ ಸರಿದವು. ಮುಂದೆ ಕಣ್ಣು ಹಾಯುವವರೆಗೆ ನೀರು, ನೀರಿನ ನಡುವೆ ಮಣ್ಣಿನ ಒಡ್ಡುಗಳು, ಒಡ್ಡಿನ ಮೇಲೆ ಬಾಳೆ, ತೆಂಗು, ಬಿದಿರಿನ ಕಾವಲು ಗುಡಿಸಲು. ಬೆಳ್ಳಕ್ಕಿಗಳು ನೀರಂಚಿನಲ್ಲಿ ತಪಸ್ಸಿಗೆ ನಿಂತಿದ್ದವು. ಹಿಂತಿರುಗಿ ನೋಡಿದರೆ ಮಂಜಿನಲ್ಲಿ ಊರಿನ ಗೋಪುರಗಳು.

ಈ ನೀರಿನ ಹರವಿಗೆ ಅಲ್ಲಿಯವರು ಹೇಳುವ ಹೆಸರು ನಮ್ಮ ಕಿವಿಗೆ 'ಭೇರಿ' ಎಂದು ಕೇಳುತ್ತದೆ. ನಗಾರಿಗೂ ಅದಕ್ಕೂ ಸಂಬಂಧವಿಲ್ಲ. ಬಂಗಾಳಿಯಲ್ಲಿ ಅದು ಮೂಲತಃ ಒಡ್ಡು, ಅಂದರೆ ನಮ್ಮ ಕೆರೆಯ ಏರಿ. ಒಡ್ಡಿನ ಹೆಸರೇ ಕೊನೆಗೆ ಒಡ್ಡಿನೊಳಗಿನ ಕೊಳಕ್ಕೂ ಅಂಟಿಕೊಂಡಿತು.

ಇದು ಹೇಗೆ ಹುಟ್ಟಿತು ಎಂಬುದು ಪಾಠಪುಸ್ತಕದಲ್ಲಿ ಇರಬೇಕಾದ ಕತೆ. ಕಲ್ಕತ್ತೆ ಹೂಗ್ಲಿ ನದಿಯ ದಂಡೆಯ ಊರು. ಊರಿನ ನೀರು ನದಿಗೆ ಹರಿಯಬೇಕೆಂದು ನಾವು ಊಹಿಸುತ್ತೇವೆ. ಆದರೆ ನೆಲದ ಇಳಿಜಾರು ಅದಕ್ಕೆ ವಿರುದ್ಧವಾಗಿದೆ. ನದಿ ಸಾವಿರಾರು ವರ್ಷ ಹೂಳು ಚೆಲ್ಲಿ ತನ್ನ ದಂಡೆಯನ್ನು ಎತ್ತರಿಸಿಕೊಂಡಿದೆ. ಅಲ್ಲಿಂದ ನೆಲ ಪೂರ್ವಕ್ಕೆ ಇಳಿಯುತ್ತದೆ. ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದ ಊರಿನಲ್ಲಿ ಈ ಸಣ್ಣ ಇಳಿಜಾರೇ ಎಲ್ಲವನ್ನೂ ನಿರ್ಧರಿಸುತ್ತದೆ. 19ನೇ ಶತಮಾನದ ನಡುಭಾಗದಲ್ಲಿ ವಿಲಿಯಂ ಕ್ಲಾರ್ಕ್ ಎಂಬ ಎಂಜಿನಿಯರ್ ಊರಿನ ಒಳಚರಂಡಿ ಯೋಜನೆ ರೂಪಿಸಿದಾಗ, ನೆಲದ ಮಾತು ಕೇಳಿ, ಕೊಳಚೆಯನ್ನು ಪೂರ್ವಕ್ಕೆ ತಿರುಗಿಸಿದ.

ಪೂರ್ವದಲ್ಲಿ ಆಗ ಉಪ್ಪು ನೀರಿನ ಕೆರೆಗಳಿದ್ದವು. ಬಿದ್ಯಾಧರಿ ಎಂಬ ನದಿಯ ಮೂಲಕ ಸಮುದ್ರದ ಉಬ್ಬರ ಅಲ್ಲಿಯವರೆಗೂ ಬರುತ್ತಿತ್ತು. 'ಸಾಲ್ಟ್ ಲೇಕ್' ಎಂಬ ಹೆಸರು ಬಂದದ್ದೇ ಹಾಗೆ. ಕ್ರಮೇಣ ಬಿದ್ಯಾಧರಿ ಹೂಳು ತುಂಬಿ ಸತ್ತಿತು. ಉಬ್ಬರ ನಿಂತಿತು, ಉಪ್ಪು ನೀರಿನ ಮೀನು ಮುಗಿಯಿತು. ಅಲ್ಲಿಯ ಮೀನುಗಾರರು ಅದೃಷ್ಟವನ್ನು ಹಳಿಯುತ್ತ ಕೂರಲಿಲ್ಲ. 1930ರ ಆಸುಪಾಸಿನಲ್ಲಿ, ಪಕ್ಕದಲ್ಲೇ ಹರಿಯುತ್ತಿದ್ದ ಊರಿನ ಕೊಳಚೆಯನ್ನು ಸ್ವಲ್ಪ ಸ್ವಲ್ಪವಾಗಿ ಕೊಳಕ್ಕೆ ಬಿಟ್ಟು ಸಿಹಿನೀರಿನ ಮೀನು ಸಾಕಿ ನೋಡಿದರು. ಮೀನು ಬೆಳೆಯಿತು. ಯಾವ ವಿಶ್ವವಿದ್ಯಾಲಯವೂ ಅವರಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಆಳುದ್ದಕ್ಕಿಂತ ಕಡಿಮೆ ನೀರು, ದಿನವಿಡೀ ಬಿಸಿಲು

ಒಂದು ಕೊಳದಲ್ಲಿ ನೀರು ಬಸಿದು ತಳ ಕಾಣುತ್ತಿತ್ತು. ಚಳಿಗಾಲದಲ್ಲಿ ಹೀಗೆ ಸರದಿಯ ಮೇಲೆ ಕೊಳ ಬರಿದು ಮಾಡಿ, ಕೆಸರನ್ನು ಬಿಸಿಲಿಗೆ ಒಣಗಿಸಿ, ಉತ್ತು, ಸುಣ್ಣ ಹಾಕುತ್ತಾರೆ. ನಮ್ಮ ರೈತರು ಗದ್ದೆ ಹದ ಮಾಡುವಂತೆಯೇ. ಆಮೇಲೆ ಕಾಲುವೆಯ ಕೊಳಚೆಯನ್ನು ತೂಬಿನಿಂದ ಒಳಗೆ ಬಿಡುತ್ತಾರೆ. ತೂಬಿನ ಬಾಯಿಗೆ ಬಿದಿರಿನ ಜಾಲರಿ.

ಆಮೇಲೆ ಕಾಯುತ್ತಾರೆ. ಎರಡು ಮೂರು ವಾರ ಏನೂ ಮಾಡುವುದಿಲ್ಲ. ಮಾಡುವುದೆಲ್ಲ ಬಿಸಿಲು. ಕೊಳದ ಆಳ ನಾಲ್ಕೈದು ಅಡಿ ಮಾತ್ರವಾದ್ದರಿಂದ ಬೆಳಕು ಬಹುಪಾಲು ನೀರನ್ನು ತಲುಪುತ್ತದೆ. ಕೊಳಚೆಯಲ್ಲಿರುವುದನ್ನು ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಒಡೆದು ಬಂದ ಗೊಬ್ಬರದಂಥ ಸಾರವನ್ನು ತಿಂದು ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಪಾಚಿ ಬೆಳೆಯುತ್ತದೆ. ಪಾಚಿ ಹಗಲೆಲ್ಲ ನೀರಿಗೆ ಆಮ್ಲಜನಕ ಬಿಡುತ್ತದೆ. ಆ ಆಮ್ಲಜನಕ ಬ್ಯಾಕ್ಟೀರಿಯಾಗಳಿಗೆ ಬೇಕು. ಪಾಚಿಯನ್ನೂ ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳನ್ನೂ ಮೀನು ತಿನ್ನುತ್ತದೆ. ಪಾಚಿ ಮಿತಿಮೀರಿದರೆ ನೀರು ಕೆಡುತ್ತದೆ. ಮೀನು ಅದನ್ನು ಮಿತಿಯಲ್ಲಿಡುತ್ತದೆ. ಕಪ್ಪು ನೀರು ಹಸಿರಾಗುತ್ತದೆ. ಮೊದಲು ನಾಲ್ಕಾರು ಮೀನು ಬಿಟ್ಟು ಪರೀಕ್ಷಿಸಿ, ಅವು ಬದುಕಿದರೆ ಮರಿಗಳನ್ನು ಬಿಡುತ್ತಾರೆ.

ಅಲ್ಲಿದ್ದ ಹಿರಿಯ ಕೆಲಸಗಾರರೊಬ್ಬರು ಮಗಳ ಆಸಕ್ತಿ ಕಂಡು ಹತ್ತಿರ ಬಂದರು. ಅವರ ಬಂಗಾಳಿಯನ್ನು ತಂಗಿಯ ಗಂಡ ಕನ್ನಡಕ್ಕೆ ತಿರುಗಿಸುತ್ತಿದ್ದರು. ಆ ಹಿರಿಯರ ಕೈಯಲ್ಲಿ ಮೀಟರೂ ಇಲ್ಲ, ರಾಸಾಯನಿಕವೂ ಇಲ್ಲ. ನೀರಿನ ಬಣ್ಣ ನೋಡುತ್ತಾರೆ, ವಾಸನೆ ನೋಡುತ್ತಾರೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಉಸಿರು ಕಡಿಮೆಯಾಗಿದೆ, ಅಂದು ಕೊಳಚೆ ಬಿಡಬಾರದು ಎಂದು ತಿಳಿಯುತ್ತಾರೆ. ಅಂಚಿನಲ್ಲಿ ಜಲಕಳೆಯ ಪಟ್ಟಿ ಇತ್ತು. ಬೆಂಗಳೂರಿನ ಕೆರೆಗಳನ್ನು ನುಂಗಿ ನಮಗೆ ತಲೆನೋವಾಗಿರುವ ಅದೇ ಕಳೆ. ಬಂಗಾಳಿಯವರು ಕಚೂರಿಪಾನಾ ಎನ್ನುತ್ತಾರೆ. ಅದನ್ನು ಬಿದಿರು ಕಟ್ಟಿ ಅಂಚಿನಲ್ಲೇ ಹಿಡಿದಿಟ್ಟಿದ್ದರು. ಅಲೆ ಬಡಿದು ಒಡ್ಡು ಕುಸಿಯದಂತೆ ಅದು ತಡೆಯುತ್ತದೆ, ಮೀನಿಗೆ ನೆರಳು ಕೊಡುತ್ತದೆ, ಬೇರಿನಲ್ಲಿ ಕೆಲವು ಲೋಹಗಳನ್ನೂ ಹೀರಿಕೊಳ್ಳುತ್ತದೆ.

ಇಂಥ ಕೊಳಗಳು ಸುಮಾರು 250 ಇವೆ. ಗದ್ದೆ, ತರಕಾರಿ ಹೊಲ, ಹಳ್ಳಿ ಎಲ್ಲ ಸೇರಿ ಈ ಜೌಗು ಪ್ರದೇಶದ ವಿಸ್ತೀರ್ಣ 12,500 ಹೆಕ್ಟೇರ್, ಅಂದರೆ ಸುಮಾರು 31,000 ಎಕರೆ. ದಿನಕ್ಕೆ 90 ಕೋಟಿ ಲೀಟರಿನ ಆಸುಪಾಸಿನಲ್ಲಿ ಕೊಳಚೆ ಊರಿನಿಂದ ಈ ಕಡೆಗೆ ಹರಿಯುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ವರ್ಷಕ್ಕೆ 10,000 ಟನ್‌ಗೂ ಮಿಕ್ಕಿ ಮೀನು ಊರಿಗೆ ವಾಪಸು ಬರುತ್ತದೆ. ಪಕ್ಕದ ಧಾಪಾದಲ್ಲಿ ಊರಿನ ಕಸ ಸುರಿದ ನೆಲದಲ್ಲಿ 19ನೇ ಶತಮಾನದ ಕೊನೆಯ ಭಾಗದಿಂದಲೂ ತರಕಾರಿ ಬೆಳೆಯುತ್ತಿದ್ದಾರೆ. ಹಿಂದಿನ ರಾತ್ರಿಯ ಹೂಕೋಸು ಎಲ್ಲಿಯದೆಂದು ನಾನು ಕೇಳಲು ಹೋಗಲಿಲ್ಲ.

ಇಲ್ಲಿ ಪೋಷಕರಿಗೆ ಒಂದು ಅನುಮಾನ ಬರುವುದು ಸಹಜ. ನನಗೂ ಬಂತು. ಇದನ್ನು ತಿನ್ನಬಹುದೇ? ಮನೆಗಳ ಕೊಳಚೆಯಾದರೆ ಬಿಸಿಲು, ಕಾಲ, ಜೀವಿಗಳು ಸೇರಿ ಅದನ್ನು ಬಹುಮಟ್ಟಿಗೆ ಶುದ್ಧಮಾಡುತ್ತವೆ. ಆದರೆ ಕಾರ್ಖಾನೆಯ ವಿಷಕ್ಕೆ ಈ ಮದ್ದು ನಡೆಯುವುದಿಲ್ಲ. ಕ್ರೋಮಿಯಂ, ಸೀಸದಂಥ ಲೋಹಗಳನ್ನು ಬಿಸಿಲು ಕರಗಿಸಲಾರದು. ಊರಿನ ಪೂರ್ವದ ತಾಂಗ್ರಾ, ತಿಲ್‌ಜಲಾ, ತೋಪ್ಸಿಯಾಗಳ ಚರ್ಮ ಹದಮಾಡುವ ಕಾರ್ಖಾನೆಗಳನ್ನು ಸ್ಥಳಾಂತರಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶಿಸಿತು. ಅವುಗಳಿಗಾಗಿ ಬಾಂತಲಾದಲ್ಲಿ ಚರ್ಮೋದ್ಯಮದ ಸಂಕೀರ್ಣ ಬಂತು. ಅದು ಇರುವುದೂ ಇದೇ ಜೌಗಿನ ನೆರೆಯಲ್ಲೇ! ಯಾವ ನೀರನ್ನು ಕೆರೆಗೆ ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂಬುದು ನಗರ ಯೋಜನೆಯ ಮೊದಲ ಪಾಠವಾಗಬೇಕು.

ನಾವು ಮಲಗಿದ್ದು ಕೆರೆಯ ಮೇಲೆ

ಸಂಜೆ ತಂಗಿಯ ಮನೆಯ ತಾರಸಿಯಲ್ಲಿ ಚಹಾ ಕುಡಿಯುತ್ತಿದ್ದೆವು. ನೇರ ರಸ್ತೆಗಳು, ಸಾಲು ಮರ, ಬಡಾವಣೆಗೊಂದು ಉದ್ಯಾನ. "ಎಷ್ಟು ಚೆನ್ನಾಗಿ ಪ್ಲಾನ್ ಮಾಡಿದಾರೆ!" ಎಂದೆ. ತಂಗಿ ನಕ್ಕು, "ಅಣ್ಣ, ನಾವು ನಿಂತಿರೋದೂ ಕೆರೇಲೇ" ಎಂದಳು.

ಮಗಳು ಪುಸ್ತಕ ತೆರೆದು ಬರೆದುಕೊಳ್ಳತೊಡಗಿದಳು.

ದೇಶವಿಭಜನೆಯ ನಂತರ ಕಲ್ಕತ್ತೆಗೆ ಲಕ್ಷಾಂತರ ನಿರಾಶ್ರಿತರು ಬಂದರು. ಊರು ಉಸಿರುಗಟ್ಟಿತು. ಮನೆಗಳು ಬೇಕಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಅವರ ಕಾಲದಲ್ಲಿ, 1962ರಲ್ಲಿ, ಉತ್ತರ ಭಾಗದ ಉಪ್ಪುಕೆರೆಗಳನ್ನು ತುಂಬುವ ಕೆಲಸ ಶುರುವಾಯಿತು. ಹೂಗ್ಲಿ ನದಿಯ ತಳದ ಹೂಳನ್ನು ನೀರಿನೊಂದಿಗೆ ಕಲಸಿ, ಕೊಳವೆಗಳಲ್ಲಿ ಊರಿನಾಚೆಗೆ ಹಾಯಿಸಿ ಕೆರೆಗೆ ಸುರಿದರು. ಕೆಲಸ ವಹಿಸಿಕೊಂಡದ್ದು ಯುಗೊಸ್ಲಾವಿಯದ ಸಂಸ್ಥೆ. ಬಡಾವಣೆಯ ನಕ್ಷೆ ಬರೆದ ದೊಬ್ರಿವೊಯ್ ತೋಶ್ಕೊವಿಚ್ ಕೂಡ ಅದೇ ದೇಶದವರು. ರಾಯ್ ಅವರ ನೆನಪಿಗೆ ಈಗ ಅದರ ಅಧಿಕೃತ ಹೆಸರು ಬಿಧಾನ್‌ನಗರ.

ತುಂಬಿದವರು ಕೆಟ್ಟವರಲ್ಲ. ಅವರ ಕಣ್ಣಿಗೆ ಅದು ಸೊಳ್ಳೆ ತುಂಬಿದ, ಯಾರಿಗೂ ಬೇಡದ ಖಾಲಿ ಜಾಗ. ಆ ಕಾಲದ ನಗರ ಯೋಜಕರ ನಕ್ಷೆಗಳಲ್ಲಿ ನೀರಿನ ಜಾಗಕ್ಕೆ ಉಪಯೋಗ ಎಂಬ ಕಲಮೇ ಇರುತ್ತಿರಲಿಲ್ಲ. ನಮ್ಮ ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್‌ನ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು, ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯ ಎದ್ದದ್ದು ಇದೇ ಲೆಕ್ಕದಲ್ಲಿ.

ಕಾಲುವೆಯ ಜಾಡು ಹಿಡಿದ ಎಂಜಿನಿಯರ್

ಸಾಲ್ಟ್ ಲೇಕ್ ತುಂಬಿತು, ಅದರ ಸುತ್ತ ಬೈಪಾಸ್ ಬಂತು, ದಕ್ಷಿಣದ ಉಳಿದ ಕೊಳಗಳ ಮೇಲೂ ಕಣ್ಣು ಬಿತ್ತು. ಆಗ ಅವನ್ನು ಉಳಿಸಿದ ಮೊದಲ ವ್ಯಕ್ತಿ ಎಂದರೆ ಧ್ರುಬಜ್ಯೋತಿ ಘೋಷ್. ಪಶ್ಚಿಮ ಬಂಗಾಳ ಸರ್ಕಾರದ ನೈರ್ಮಲ್ಯ ಎಂಜಿನಿಯರ್. 1980ರ ದಶಕದ ಆರಂಭದಲ್ಲಿ, ಊರಿನ ಕೊಳಚೆಯನ್ನು ಮರುಬಳಕೆ ಮಾಡುವುದು ಹೇಗೆಂದು ಅಧ್ಯಯನ ಮಾಡುವ ಕೆಲಸ ಅವರ ಪಾಲಿಗೆ ಬಂತು. ಅವರು ಕೊಳಚೆ ಕಾಲುವೆಯ ಜಾಡು ಹಿಡಿದು ಪೂರ್ವಕ್ಕೆ ಹೋದರು. ಮಗಳು ರೈಲಿನಲ್ಲಿ ನನ್ನನ್ನು ಕೇಳಿದ "ಅಲ್ಲಿಂದ?" ಎಂಬ ಪ್ರಶ್ನೆಯನ್ನು ಕೊನೆಯವರೆಗೆ ಕೇಳಿದ ಸರ್ಕಾರಿ ನೌಕರ ಅವರೇ. ಕೋಟಿಗಟ್ಟಲೆ ಖರ್ಚುಮಾಡಿ ಕಟ್ಟಬೇಕಾದ ಶುದ್ಧೀಕರಣ ಘಟಕದ ಕೆಲಸವನ್ನು ಅಲ್ಲಿಯ ಮೀನುಗಾರರು ಆಗಲೇ ಮಾಡುತ್ತಿದ್ದುದನ್ನು ಕಂಡರು.

ಅವರು ಆ ಪ್ರದೇಶದ ನಕ್ಷೆ ಬರೆದರು. ಇದು ದೊಡ್ಡ ಕೆಲಸ. ನಕ್ಷೆಯಲ್ಲಿ ಹೆಸರಿಲ್ಲದ ಜಾಗವನ್ನು ಯಾರು ಬೇಕಾದರೂ ಖಾಲಿ ಎನ್ನಬಹುದು. ಇಲ್ಲಿ ಮೀನು, ಇಲ್ಲಿ ಭತ್ತ, ಇಲ್ಲಿ ತರಕಾರಿ, ಇಷ್ಟು ಸಂಸಾರ ಎಂದು ಬರೆದಿಟ್ಟ ಜಾಗವನ್ನು ಹಾಗೆನ್ನುವುದು ಕಷ್ಟ. 1990ರಲ್ಲಿ ವಿಶ್ವಸಂಸ್ಥೆಯ ಗ್ಲೋಬಲ್ 500 ಗೌರವ ಅವರಿಗೆ ಬಂತು. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕೊಳಗಳ ಪರವಾಗಿ ವಾದಿಸುತ್ತಲೇ ಇದ್ದರು.

1992ರಲ್ಲಿ ವಿಷಯ ನ್ಯಾಯಾಲಯಕ್ಕೆ ಹೋಯಿತು. 'ಪೀಪಲ್ ಯುನೈಟೆಡ್ ಫಾರ್ ಬೆಟರ್ ಲಿವಿಂಗ್ ಇನ್ ಕಲ್ಕತ್ತಾ' ಎಂಬ ನಾಗರಿಕರ ಸಂಸ್ಥೆ ಹೂಡಿದ ಮೊಕದ್ದಮೆ. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಉಮೇಶ್ ಚಂದ್ರ ಬ್ಯಾನರ್ಜಿ ಅವರು ಅಭಿವೃದ್ಧಿಯೂ ಬೇಕು, ಪರಿಸರವೂ ಬೇಕು, ಎರಡರ ನಡುವೆ ಸಮತೋಲ ಇರಬೇಕು ಎಂಬ ನೆಲೆಯಿಂದ ವಿಚಾರಿಸಿ, ಈ ಜೌಗು ಪ್ರದೇಶವನ್ನು ಬೇರೆ ಬಳಕೆಗೆ ಬದಲಿಸುವುದಕ್ಕೆ ತಡೆಹಾಕಿದರು. 2002ರ ಆಗಸ್ಟ್‌ನಲ್ಲಿ 12,500 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ತೇವಭೂಮಿಗಳ ಪಟ್ಟಿಗೆ ಸೇರಿತು. 2006ರಲ್ಲಿ ರಾಜ್ಯವೇ ಪ್ರತ್ಯೇಕ ಕಾಯ್ದೆ ಮಾಡಿ, ನೋಡಿಕೊಳ್ಳಲು ಪ್ರಾಧಿಕಾರ ರಚಿಸಿತು. ಆ ಕಾಯ್ದೆಯ ಪರಿಶಿಷ್ಟದಲ್ಲಿ ಯಾವ ಗ್ರಾಮದ ಯಾವ ನಂಬರಿನ ಜಮೀನು ನೀರು, ಯಾವುದು ಗದ್ದೆ, ಯಾವುದು ವಸತಿ ಎಂಬ ಪಟ್ಟಿಯೇ ಇದೆ. ಒಂದು ತುಂಡನ್ನು ತುಂಬಿದರೂ ಅದು ಯಾವ ತುಂಡು ಎಂದು ಬೆರಳಿಟ್ಟು ತೋರಿಸಬಹುದು.

ಬೇಲಿ ಇಲ್ಲದ ನೀರು

ಹಾಗೆಂದು ಕತೆ ಸುಖಾಂತವಾಯಿತು ಎನ್ನುವಂತಿಲ್ಲ. ಬೈಪಾಸ್‌ನಿಂದ ಬರುವಾಗಲೇ ಕೆಲವೆಡೆ ಕೊಳದ ಅಂಚಿಗೆ ಕಟ್ಟಡದ ಅವಶೇಷ ಸುರಿದದ್ದು ಕಂಡಿದ್ದೆವು. ಮೊದಲು ಒಂದು ಲಾರಿ ಮಣ್ಣು, ಆಮೇಲೊಂದು ಶೆಡ್ಡು, ಆಮೇಲೊಂದು ಗೋಡೆ. ಕೊಳ ಬತ್ತಿಸಿದರೆ ಮೀನಿನಿಂದ ಹತ್ತು ವರ್ಷದಲ್ಲಿ ಬಾರದ ಹಣ ಒಂದೇ ದಿನ ಬರುವಂತಿದ್ದಾಗ ಕಾಯ್ದೆಯೊಂದೇ ಎಷ್ಟು ಕಾಯಬಲ್ಲದು? ಕಾಲುವೆಗಳಲ್ಲಿ ಹೂಳು ತುಂಬಿ ಕೊಳಗಳಿಗೆ ಸಾಕಷ್ಟು ಕೊಳಚೆ ಬರುವುದಿಲ್ಲ ಎಂಬ ದೂರೂ ಇದೆ. ಕೊಳಚೆ ಸಾಲದು ಎಂದು ದೂರುವ ಜನರನ್ನು ನಾನು ಕಂಡದ್ದು ಇದೇ ಮೊದಲು.

ಆ ಹಿರಿಯರನ್ನು ಮಗ ಏನು ಮಾಡುತ್ತಾನೆಂದು ಕೇಳಿದೆ. ಊರಿನಲ್ಲಿ ಸಾಮಾನು ತಲುಪಿಸುವ ಕೆಲಸಕ್ಕೆ ಬೈಕ್ ಓಡಿಸುತ್ತಾನಂತೆ. ಬೆಳಗಿನ ಜಾವ ಮೂರಕ್ಕೆ ಎದೆಮಟ್ಟದ ತಣ್ಣೀರಿನಲ್ಲಿ ಬಲೆ ಎಳೆಯುವ ಕೆಲಸ ಅವನಿಗೆ ಬೇಡವಂತೆ. "ಅವನನ್ನು ತಪ್ಪು ಎನ್ನುವುದು ಹೇಗೆ?" ಎಂದರು. ಊರಿಗೆಲ್ಲ ಪುಕ್ಕಟೆ ಸೇವೆ ಮಾಡುವ ಈ ಜನರಿಗೆ ಊರು ಏನು ಕೊಡುತ್ತಿದೆ ಎಂಬ ಪ್ರಶ್ನೆ ಯಾವ ಮಾಸ್ಟರ್ ಪ್ಲಾನಿನಲ್ಲೂ ಬರೆದಿರುವುದಿಲ್ಲ. ಕೆರೆ ಉಳಿಯುವುದು ಬೇಲಿಯಿಂದಲ್ಲ, ಅದರಿಂದ ಬದುಕುವವರಿಂದ ಎಂದು ನನಗೆ ಅಲ್ಲಿ ತೋಚಿತು. ನಮ್ಮಲ್ಲೂ ನೀರುಗಂಟಿ ಇದ್ದ ಕಾಲದಲ್ಲಿ ಕೆರೆ ಇತ್ತು.

ಹೊರಡುವಾಗ ಆ ಹಿರಿಯರು ಮಗಳನ್ನು ಕೇಳಿದರು: "ನಿಮ್ಮ ಊರಿನ ನೀರು ಎಲ್ಲಿಗೆ ಹೋಗುತ್ತದೆ?" ಮಾವ ಕನ್ನಡದಲ್ಲಿ ಹೇಳಿದರು. ಅವಳು ನನ್ನ ಮುಖ ನೋಡಿದಳು.

(ಹೋಗಬಯಸುವವರಿಗೆ ಒಂದು ಮಾತು: ಚಳಿಗಾಲ ಒಳ್ಳೆಯದು, ಬೆಳಗಿನ ಹೊತ್ತು ಇನ್ನೂ ಒಳ್ಳೆಯದು. ಕೊಳಗಳು ಜನ ದುಡಿಯುವ ಜಾಗ. ಒಡ್ಡಿನ ಮೇಲೆ ಕಾಲಿಡುವ ಮುನ್ನ ಅಲ್ಲಿಯವರನ್ನು ಕೇಳಬೇಕು. ಭಾಷೆ ಬಲ್ಲವರೊಬ್ಬರು ಜೊತೆಗಿದ್ದರೆ ಅರ್ಧ ಪುಸ್ತಕ ಓದಿದಷ್ಟು ಲಾಭ.)

ಮನೆಯ ಚಕ್ಕುಬಂದಿ

ಬೆಂಗಳೂರಿಗೆ ಮರಳಿದ ಮೇಲೆ ನಕ್ಷೆ ಬರೆಯುವ ಕೆಲಸ ಉಳಿದಿತ್ತು. ಮನೆಯ ಅಳತೆ ಬೇಕೆಂದು ಮಗಳು ಕೇಳಿದ್ದರಿಂದ ಬೀರುವಿನಿಂದ ಕ್ರಯಪತ್ರ ತೆಗೆದೆ. ನಾನು ನಿವೇಶನ ಕೊಂಡದ್ದು 1996ರಲ್ಲಿ, ಊರಿನ ಹೊರಗಿನ ಖಾಸಗಿ ಬಡಾವಣೆಯಲ್ಲಿ. ಹಣ ಹೊಂದಿಸುವ ಗಡಿಬಿಡಿಯಲ್ಲಿ ಅಂದು ಸಹಿ ಹಾಕಿದ ಹಾಳೆಗಳನ್ನು ಮತ್ತೆ ಓದಿದ್ದೇ ಇಲ್ಲ. ಅವಳು ಜೋರಾಗಿ ಓದಿದಳು: "ಪೂರ್ವಕ್ಕೆ ಸರ್ಕಾರಿ ಹಳ್ಳ. ಪಶ್ಚಿಮಕ್ಕೆ ರಸ್ತೆ..."

ಓದು ನಿಲ್ಲಿಸಿ ಕಿಟಕಿಯಾಚೆ ನೋಡಿದಳು. ಪೂರ್ವಕ್ಕೆ ಒಂದು ಅಡ್ಡರಸ್ತೆ, ಅದರಾಚೆ ಸಾಲು ಮನೆಗಳು.

"ಹಳ್ಳ ಎಲ್ಲಿ ಅಪ್ಪ?"

2022ರ ಸೆಪ್ಟೆಂಬರ್ ನೆನಪಾಯಿತು. ಊರಿನ ಪೂರ್ವಭಾಗವೆಲ್ಲ ಮುಳುಗಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಿದ ಮಳೆಗಾಲ ಅದು. ಆ ರಾತ್ರಿ ನಮ್ಮ ಮನೆಗೂ ನೀರು ಬಂದಿತ್ತು. ಮೂರು ಮೆಟ್ಟಿಲು ದಾಟಿ ಅಡುಗೆ ಮನೆಯವರೆಗೆ. ಫ್ರಿಜ್ಜು ತೇಲಿತು, ಅವಳ ಪುಸ್ತಕಗಳು ನೆನೆದವು. ಬೆಳಗಿನವರೆಗೆ ನಾನು ಯಾರು ಯಾರನ್ನೋ ಬೈದಿದ್ದೆ. ನೀರು ಬಂದದ್ದು ಪೂರ್ವದ ಕಡೆಯಿಂದ. ಅದಕ್ಕೆ ಅದರ ದಾರಿ ನೆನಪಿತ್ತು, ಕಾಗದದಲ್ಲೂ ಇತ್ತು. ಓದದೆ ಸಹಿ ಹಾಕಿದವನು ನಾನು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ದೊಡ್ಡ ನದಿ ಇಲ್ಲ, ಬಿದ್ದ ಮಳೆ ಮೂರು ದಿಕ್ಕಿಗೆ ಇಳಿದುಹೋಗುತ್ತದೆ. ಆ ಇಳಿಜಾರಿನಲ್ಲಿ ಒಂದರ ಕೆಳಗೊಂದರಂತೆ ಕೆರೆ ಕಟ್ಟಿ, ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಮುಂದಿನ ಕೆರೆಗೆ ಹೋಗುವಂತೆ ಮಾಡಿದವರು ನಮ್ಮ ಹಿರಿಯರು. ಆ ಸರಪಳಿಯ ನಡುವಿನ ಕೊಂಡಿ ಕಿತ್ತು ನಾವು ಮನೆ ಕಟ್ಟಿದೆವು. ಕೆರೆಯಿಂದ ಎಷ್ಟು ಮೀಟರ್ ಬಿಟ್ಟು ಕಟ್ಟಬೇಕೆಂಬ ವಾದ ಬೇರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಮೀಟರಿನ ಲೆಕ್ಕ ನ್ಯಾಯಾಲಯ ನೋಡಿಕೊಳ್ಳಲಿ. ಮನೆ ಕೊಳ್ಳುವ ಮುನ್ನ ಚಕ್ಕುಬಂದಿ ಓದಿ, ಹಳ್ಳ ಎಲ್ಲಿದೆ ಎಂದು ನಡೆದು ನೋಡುವುದಕ್ಕೆ ಯಾವ ತೀರ್ಪೂ ಬೇಕಿಲ್ಲ.

ನಮ್ಮಲ್ಲೂ ಒಳ್ಳೆಯದು ನಡೆದಿಲ್ಲವೆಂದಲ್ಲ. ಜಕ್ಕೂರು ಕೆರೆಗೆ ಶುದ್ಧೀಕರಣ ಘಟಕದ ನೀರು ನೇರ ಹೋಗದೆ, ಜೊಂಡು ಬೆಳೆದ ಜೌಗನ್ನು ದಾಟಿ ಇನ್ನಷ್ಟು ತಿಳಿಯಾಗಿ ಸೇರುತ್ತದೆ. ಅಲ್ಲೂ ಮೀನು ಹಿಡಿಯುತ್ತಾರೆ. ಕಲ್ಕತ್ತೆಯ ಪಾಠ ಅಲ್ಲಿ ಸಣ್ಣ ಪ್ರಮಾಣದಲ್ಲಿ ಕಾಣುತ್ತದೆ.

ಮಗಳ ನಕ್ಷೆಯಲ್ಲಿ ಕಾವೇರಿಯಿಂದ ನಮ್ಮ ಮನೆಗೆ ಉದ್ದನೆಯ ನೀಲಿ ಗೆರೆ ಬಂತು. ಮನೆಯಿಂದ ಹೊರಗೆ ಕಪ್ಪು ಗೆರೆಯೊಂದು ಬೀದಿಯ ಕೊನೆಯವರೆಗೆ ಹೋಗಿ ನಿಂತಿತು. ಅದರ ತುದಿಗೆ ಅವಳು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಹಾಗೆ ಬಿಟ್ಟರೆ ಅಂಕ ಹೋಗುತ್ತದೆ ಎಂದೆ. "ಹಾಗಾದರೆ ಹೋಗಿ ನೋಡೋಣ" ಎಂದಳು.

ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಮೋರಿಯ ಗುಂಟ ನಡೆದೆವು. ಎರಡು ಬೀದಿ ದಾಟಿ, ಖಾಲಿ ನಿವೇಶನವೊಂದರ ಕಸ ದಾಟಿ, ಚಪ್ಪಡಿ ಮುಚ್ಚಿದ ಕಡೆ ಸದ್ದು ಕೇಳಿಸಿಕೊಂಡು ಮುಂದೆ ಹೋದೆವು. ಒಂದು ಕಾಂಪೌಂಡ್ ಗೋಡೆ ಅಡ್ಡ ಬಂತು. ನೀರು ಗೋಡೆಯ ಕೆಳಗಿನ ಕಿಂಡಿಯಲ್ಲಿ ಒಳಗೆ ಹೋಯಿತು, ನಾವು ಹೊರಗೆ ನಿಂತೆವು. ಕಾವಲುಗಾರ ಒಳಗೆ ಬಿಡಲಿಲ್ಲ.

ಮುಂದಿನ ಭಾನುವಾರ ಆಚೆ ಕಡೆಯಿಂದ ಹುಡುಕುವುದೆಂದು ಮಾತಾಗಿದೆ.